ಬಾರ್ಬೆಕ್ಯೂ, ಬರ್ಗರ್ ಹೋಟೆಲಿಗೆ ಹೋದ್ರೆ ನಮ್ಮಂಥೋರು ಏನು ತಿನ್ನೋದು? ಅನುಭವ ಇರೋರು ಬರೀರಿ

ಮುದ್ದೆ_ಬಸ್ಸಾರು (ಆಸ್ಟಿನ್, ಟೆಕ್ಸಾಸ್)

ಎಲ್ರಿಗೂ ನಮಸ್ಕಾರ. ಬೆಂಗಳೂರಿಂದ ಆಸ್ಟಿನ್‌ಗೆ ಹೊಸದಾಗಿ ಬಂದಿದೀವಿ, ಊರು ಚನ್ನಪಟ್ಟಣದ ಕಡೆ. ನಮ್ಮ ಆಫೀಸಲ್ಲಿ ಯಾರಾದ್ರೂ ಕೆಲಸಕ್ಕೆ ಸೇರಿದ್ರೆ ಬಾರ್ಬೆಕ್ಯೂ (ಹೊಗೇಲಿ ನಿಧಾನಕ್ಕೆ ಬೇಯಿಸಿದ ಮಾಂಸ), ಕೆಲಸ ಬಿಟ್ರೂ ಬಾರ್ಬೆಕ್ಯೂ, ರಿಲೀಸ್ ಆದ್ರೂ ಬಾರ್ಬೆಕ್ಯೂ. ನಾನು ಕುರಿ, ಕೋಳಿ, ಮೀನು, ಹಂದಿ ತಿಂತೀನಿ, ದನ ಮಾತ್ರ ತಿನ್ನಲ್ಲ. ಹೆಂಡ್ತಿ ಮೊಟ್ಟೆ ತನಕ. ಬೇಸಿಗೆಗೆ ಅತ್ತೆ ಮಾವ ಬರ್ತಿದಾರೆ, ಅವರು ಮೊಟ್ಟೇನೂ ಮುಟ್ಟಲ್ಲ. ಆದ್ರೆ ಮಾವನಿಗೆ "ಅಮೆರಿಕದ ಊಟ ಅಂದ್ರೆ ಏನು ನೋಡಬೇಕು" ಅಂತ ಆಸೆ.

ಕೌಂಟರಲ್ಲಿ ಏನು ಕೇಳಬೇಕು, ಏನು ತಗೋಬೇಕು, ಯಾವುದರ ತಂಟೆಗೆ ಹೋಗಬಾರದು? ಬರ್ಗರ್ ಅಂಗಡಿಗಳ ಬಗ್ಗೇನೂ ಹೇಳಿ. "ಮನೇಲೇ ತಿನ್ನಿ" ಅಂತ ಹೇಳೋರು ದಯವಿಟ್ಟು ಬೇಡ, ಮನೇಲಿ ದಿನಾ ತಿಂತಾನೇ ಇದೀವಿ.


ಹೊಗೆಗೂಡು (ರೌಂಡ್ ರಾಕ್, ಟೆಕ್ಸಾಸ್)

ತಮ್ಮಾ, ನೀನಿರೋ ಊರಿಗೆ ಜನ ವಿಮಾನ ಹತ್ತಿ ಬರೋದೇ ಇದನ್ನ ತಿನ್ನೋಕೆ. ಮೊದಲು ಕೌಂಟರ್ ಹೇಗೆ ನಡೆಯುತ್ತೆ ಹೇಳ್ತೀನಿ, ಅಲ್ಲೇ ಹೊಸಬರು ತಬ್ಬಿಬ್ಬಾಗೋದು.

ಈ ಕಡೆಯ ಬಾರ್ಬೆಕ್ಯೂ ಹುಟ್ಟಿದ್ದು ಹೋಟೆಲಲ್ಲಿ ಅಲ್ಲ, ಮಾಂಸದ ಅಂಗಡೀಲಿ. ಹತ್ತೊಂಬತ್ತನೇ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನ್, ಚೆಕ್ ಜನ ಇಲ್ಲಿ ಕಸಾಯಿ ಅಂಗಡಿ ಇಟ್ರು. ಮಾರಾಟವಾಗದೆ ಉಳಿದ ಮಾಂಸವನ್ನ ಹೊಗೆ ಹಾಕಿ ಬೇಯಿಸಿ, ಕಾಗದದಲ್ಲಿ ಸುತ್ತಿ ಕೊಡ್ತಿದ್ರು. ಹತ್ತಿ ಕೀಳೋಕೆ ಬಂದ ಕೂಲಿಯವರು ಅಲ್ಲೇ ಹಿತ್ತಲಲ್ಲಿ ನಿಂತು ತಿಂತಿದ್ರು. ಆಸ್ಟಿನ್‌ನಿಂದ ಮೂವತ್ತು ಮೈಲಿ ದೂರದ ಲಾಕ್‌ಹಾರ್ಟ್‌ನಲ್ಲಿ 1900ರಲ್ಲಿ ಶುರುವಾದ ಕ್ರೈಟ್ಸ್ ಮಾರ್ಕೆಟ್, 1932ರ ಬ್ಲ್ಯಾಕ್ಸ್ ಇವತ್ತಿಗೂ ನಡೀತಿವೆ. ಆ ಊರನ್ನ ಟೆಕ್ಸಾಸ್ ಶಾಸನಸಭೆಯೇ ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಅಂತ ಕರೆದಿದೆ. ಅದಕ್ಕೇ ಇಲ್ಲಿ ಪ್ಲೇಟ್ ಲೆಕ್ಕ ಇಲ್ಲ, ತೂಕದ ಲೆಕ್ಕ. ಕಾಲು ಪೌಂಡ್ ಅಂದ್ರೆ ನೂರಾ ಹದಿಮೂರು ಗ್ರಾಂ. ಒಬ್ಬರಿಗೆ ಅರ್ಧ ಪೌಂಡ್ ಧಾರಾಳ ಸಾಕು. ಬೇಕಾದ್ದನ್ನ ಕಾಲು ಕಾಲು ಪೌಂಡ್ ಕೇಳು, ಯಾರೂ ಬೇಜಾರು ಮಾಡ್ಕೊಳಲ್ಲ. ಅದೇ ಜಾಣತನ ಕೂಡ.

ನಿನಗೆ ನನ್ನ ಮಾತು: ಟರ್ಕಿ ಬ್ರೆಸ್ಟ್ (ಟರ್ಕಿ ಕೋಳಿಯ ಎದೆ ಮಾಂಸ), ಪೋರ್ಕ್ ರಿಬ್ಸ್ (ಹಂದಿ ಪಕ್ಕೆಲುಬು). ಎಲ್ಲರೂ ಬ್ರಿಸ್ಕೆಟ್ (ದನದ ಎದೆ ಮಾಂಸ) ನೋಡಿ ಅಂಗಡಿ ಅಳೀತಾರೆ, ನಾನು ಟರ್ಕಿ ನೋಡಿ ಅಳೀತೀನಿ. ಕೊಬ್ಬೇ ಇಲ್ಲದ ಆ ಮಾಂಸವನ್ನ ಒಣಗಿಸದೆ ಹೊಗೇಲಿ ಬೇಯಿಸೋದು ಕೈ ಪಳಗಿದವರ ಕೆಲಸ. ಅರ್ಧ ಕೋಳಿ ಕೂಡ ಬಹಳ ಕಡೆ ಸಿಗುತ್ತೆ.

ಸಾಸೇಜ್ ಹತ್ರ ಹುಷಾರು. "ಹಲಪೇನ್ಯೊ ಚೀಸ್" ಅಂತ ಬರೆದಿರ್ತಾರೆ, ಮಾಂಸ ಯಾವುದು ಅಂತ ಬರೆದಿರಲ್ಲ. ಈ ಕಡೆ ಹೆಚ್ಚಾಗಿ ದನ ಮತ್ತು ಹಂದಿ ಬೆರೆಸಿರ್ತಾರೆ, ಇಲ್ಲ ಪೂರ್ತಿ ದನ. ಕೇಳದೆ ತಗೋಬೇಡ.

ಇನ್ನೊಂದು ವಿಷಯ, ಆಮೇಲೆ ನನ್ನ ಬೈಬೇಡ: ಬ್ರಿಸ್ಕೆಟ್ ಕೊಯ್ದ ಹಲಗೆ ಮೇಲೇನೇ ಟರ್ಕೀನೂ ಕೊಯ್ತಾರೆ, ಚಾಕೂ ಅದೇ. ಜನ ಕಡಿಮೆ ಇದ್ದಾಗ "ಬೇರೆ ಚಾಕು, ಹೊಸ ಗ್ಲವ್ಸ್" ಅಂದ್ರೆ ಎಷ್ಟೋ ಕಡೆ ಒಪ್ಕೋತಾರೆ. ಮಧ್ಯಾಹ್ನ ಹನ್ನೆರಡಕ್ಕೆ, ಹಿಂದೆ ಬಾಗಿಲ ಹೊರಗಿನ ತನಕ ಸಾಲು ನಿಂತಿರುವಾಗ ಅದನ್ನ ನಿರೀಕ್ಷಿಸಬೇಡ.


ಗಿರ್ಮಿಟ್_ಅಕ್ಕ (ಫ್ರಿಸ್ಕೊ, ಟೆಕ್ಸಾಸ್)

ನೋಡ್ರಿ ತಮ್ಮಾ, ನಾ ಹುಟ್ಟಾ ಸಸ್ಯಾಹಾರಿ, ಧಾರವಾಡದಾಕಿ. ನಮ್ಮ ಮನಿಯವ್ರು ಇಲ್ಲಿಗೆ ಬಂದ ಮ್ಯಾಲ ಎಲ್ಲಾ ಕಲ್ತಾರ, ಹಿಂಗಾಗಿ ನನಗ ಈ ಹೋಟೆಲ್‌ಗಳ ಪರಿಚಯ ಚೊಲೋ ಐತಿ. ಮಾಂಸದ ಕಡೆ ಮೋಸ ಇಲ್ಲರಿ, ಅದು ಮಾಂಸ ಅಂತ ಕಣ್ಣಿಗೆ ಕಾಣಸ್ತೈತಿ. ಮೋಸ ಇರೂದು ಕಾಯಿಪಲ್ಯದಾಗ.

ಬೀನ್ಸ್ ಅಂತಾರ, ಅದ್ರಾಗ ಬ್ರಿಸ್ಕೆಟ್ ಚೂರು ಇಲ್ಲಾ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸದ ಪಟ್ಟಿ) ಬಿದ್ದಿರ್ತೈತಿ. ಹಸಿ ಬೀನ್ಸ್‌ದಾಗೂ ಬೇಕನ್. ಕಾಲರ್ಡ್ ಸೊಪ್ಪು ಅಂತ ಹಸಿರಗೆ ಚಂದ ಕಾಣಸ್ತೈತಿ, ಅದನ್ನ ಹಂದಿ ಕಾಲಿನ ಎಲುಬು ಹಾಕಿ ತಾಸಗಟ್ಟಲೆ ಕುದಿಸಿರ್ತಾರ. ಕಾರ್ನ್‌ಬ್ರೆಡ್‌ಗೆ ಕೆಲವ್ರು ಹಂದಿ ಕೊಬ್ಬು ಹಾಕ್ತಾರ. ಕೋಲ್‌ಸ್ಲಾ, ಪೊಟ್ಯಾಟೊ ಸಲಾಡ್ ಅಂದ್ರ ಮೇಯೊನೀಸ್, ಅಂದ್ರ ತತ್ತಿ. ಸಾಸ್‌ದಾಗ ವೂಸ್ಟರ್‌ಶರ್ ಇದ್ರ ಅದ್ರಾಗ ಸಣ್ಣ ಮೀನು. ಕೆಲವು ಕಡೆ ಮಾಂಸದಿಂದ ಇಳಿದ ರಸಾನೂ ಸಾಸ್‌ಗೆ ಸುರೀತಾರ. ಉಳೀತೇನು? ಮ್ಯಾಕ್ ಆ್ಯಂಡ್ ಚೀಸ್ (ಚೀಸ್ ಹಾಕಿದ ಪಾಸ್ತಾ, ಅದಕ್ಕೂ ಮ್ಯಾಲ ಮಾಂಸ ಉದುರಿಸ್ತಾರ, ಬ್ಯಾಡ ಅಂತ ಹೇಳ್ರಿ), ಬಿಳೆ ಬ್ರೆಡ್, ಉಳ್ಳಾಗಡ್ಡಿ, ಸೌತಿಕಾಯಿ ಉಪ್ಪಿನಕಾಯಿ, ಪೀಚ್ ಕಾಬ್ಲರ್ ಅನ್ನೂ ಹಣ್ಣಿನ ಸಿಹಿ. ಬರೇ ಉಳ್ಳಾಗಡ್ಡಿ, ಬ್ರೆಡ್ ತಿಂದು ಬಂದ ದಿನಾನೂ ಅದಾವ್ರಿ.

ಈಗ ಖರೇ ಮಾತು. "ಈಸ್ ಇಟ್ ವೆಜಿಟೇರಿಯನ್" ಅಂತ ಕೇಳಬ್ಯಾಡ್ರಿ. ಪಾಪ ಅವ್ರು ತುಣುಕು ಕಾಣಲಿಲ್ಲಂದ್ರ ಹೌದು ಅಂದುಬಿಡ್ತಾರ, ಸುಳ್ಳಂತೂ ಹೇಳೂದಿಲ್ಲ. ಹೆಸರ ಹಿಡದು ಕೇಳ್ರಿ: ಇದ್ರಾಗ ಬೇಕನ್ ಐತೇನು, ಬ್ರಿಸ್ಕೆಟ್ ಐತೇನು, ಹ್ಯಾಮ್ ಐತೇನು, ಲಾರ್ಡ್ (ಹಂದಿ ಕೊಬ್ಬು) ಐತೇನು, ಚಿಕನ್ ಬ್ರಾತ್ ಹಾಕೀರೇನು? ಆವಾಗ ಒಳಗ ಹೋಗಿ ಅಡಗಿಯವ್ರನ್ನ ಕೇಳಿ ಬರ್ತಾರ.

ನಿಮ್ಮ ಅತ್ತಿ ಮಾವನ್ನ ಮಾತ್ರ ಅಲ್ಲಿಗೆ ಕರ್ಕೊಂಡ ಹೋಗಬ್ಯಾಡ್ರಿ. ಒಳಗ ಕಾಲಿಟ್ಟ ಕೂಡಲೇ ಹೊಗಿ, ಮಾಂಸದ ವಾಸನಿ ಸೀರಿಗೆ ಹತ್ತತೈತಿ, ಎರಡು ಸಲ ಒಗದ್ರೂ ಹೋಗೂದಿಲ್ಲ. ಬರ್ಗರ್ ಅಂಗಡಿ ಅವ್ರಿಗೆ ಸಾಕು.


ತುಳಸೀಕಟ್ಟೆ (ನೇಪರ್‌ವಿಲ್, ಇಲಿನಾಯ್)

ಬರ್ಗರ್ ಅಂಗಡಿ ಆದ್ರೂ ಅಷ್ಟೇ ಅಲ್ವಾ ಅಕ್ಕ? ಒಂದೇ ಕಾವಲಿ, ಒಂದೇ ಎಣ್ಣೆ, ಒಂದೇ ಇಕ್ಕಳ. ನಾವು ಇಷ್ಟು ವರ್ಷ ಇಲ್ಲಿದ್ದೂ ಇಂಥ ಕಡೆ ಹೋಗಿಲ್ಲ, ನಮಗೇನೂ ಕಡಿಮೆ ಆಗಿಲ್ಲ. ಟೀಮ್ ಲಂಚ್‌ಗೆ "ಬೇರೆ ಕೆಲಸ ಇದೆ" ಅಂದ್ರೆ ಮುಗೀತು. ಹೋಗಲೇಬೇಕಾದ್ರೆ ಮನೇಲಿ ಉಂಡು ಹೋಗಿ ಅಲ್ಲಿ ಕೋಕ್ ಕುಡಿದು ಬನ್ನಿ. ಹಿರಿಯರಿಗೆ ಅಮೆರಿಕ ತೋರಿಸೋಕೆ ಗ್ರ್ಯಾಂಡ್ ಕ್ಯಾನ್ಯನ್ ಇದೆ.


ಗಿರ್ಮಿಟ್_ಅಕ್ಕ (ಫ್ರಿಸ್ಕೊ, ಟೆಕ್ಸಾಸ್)

ನಿಮ್ಮ ನೇಮ ನಿಮಗ ಇರ್ಲಿ ತಾಯಿ, ಅದಕ್ಕ ನನ್ನದೇನೂ ತಕರಾರಿಲ್ಲ. ಒಂದು ಮಾತು ಮಾತ್ರ. ನಮ್ಮ ಆಫೀಸಿನ್ಯಾಗ ಹೊಸ ಕೆಲಸ ಯಾರಿಗೆ ಕೊಡಬೇಕು ಅನ್ನೂದು ಮೀಟಿಂಗ್‌ದಾಗ ತೀರ್ಮಾನ ಆಗೂದಿಲ್ಲ, ಊಟದ ಟೇಬಲ್ ಮ್ಯಾಲ ಆಗ್ತೈತಿ. ಪ್ರತಿ ಸಲ "ಬೇರೆ ಕೆಲಸ ಐತಿ" ಅಂದಾಕಿನ್ನ ನಾಲ್ಕನೇ ಸಲ ಕರಿಯೂದ ಬಿಡ್ತಾರ. ನಾ ಹೋಗಿ ಕುಂದ್ರತೇನಿ, ಮಾತಾಡ್ತೇನಿ, ಮ್ಯಾಕ್ ಆ್ಯಂಡ್ ಚೀಸ್ ತಿಂದು ಬರ್ತೇನಿ. ಹೊಟ್ಟಿ ತುಂಬಾಕ ಮನಿ ಐತಿ.


ಕಾಚಂಪುಳಿ (ರಾಲಿ, ನಾರ್ತ್ ಕ್ಯಾರೊಲೈನಾ)

ದನ ಬೇಡ, ಹಂದಿ ಆಗುತ್ತೆ ಅನ್ನೋರು ಟೆಕ್ಸಾಸಲ್ಲಿ ಯಾಕೆ ಒದ್ದಾಡ್ತೀರಿ, ನಮ್ಮ ಕಡೆ ಬನ್ನಿ. ಇಲ್ಲಿನ ಹಳೇ ಅಂಗಡಿಗಳ ಬೋರ್ಡಲ್ಲಿ ದನವೇ ಕಾಣೋದು ಕಷ್ಟ. ನಾರ್ತ್ ಕ್ಯಾರೊಲೈನಾದಲ್ಲಿ ಬಾರ್ಬೆಕ್ಯೂ ಅಂತ ಕೇಳಿದ್ರೆ ತಟ್ಟೆಗೆ ಬರೋದು ಹಂದಿ.

ಅದರಲ್ಲೂ ಎರಡು ಪಂಗಡ, ಇಬ್ಬರಿಗೂ ಆಗಿ ಬರಲ್ಲ. ಪೂರ್ವದವರು ಇಡೀ ಹಂದಿಯನ್ನ ಕೆಂಡದ ಮೇಲೆ ರಾತ್ರಿಯಿಡೀ ಬೇಯಿಸಿ, ಸಣ್ಣಗೆ ಕೊಚ್ಚಿ, ವಿನೆಗರ್, ಉಪ್ಪು, ಒಣಮೆಣಸಿನ ಸಾಸ್ ಹಾಕ್ತಾರೆ. ಟೊಮೆಟೊ ಸೋಕಿಸಲ್ಲ. ಪಶ್ಚಿಮದ ಲೆಕ್ಸಿಂಗ್ಟನ್ ಕಡೆಯವರು ಹಂದಿಯ ಭುಜದ ಮಾಂಸ ಮಾತ್ರ ತಗೊಂಡು, ವಿನೆಗರ್‌ಗೆ ಒಂಚೂರು ಕೆಚಪ್ ಸೇರಿಸ್ತಾರೆ. ಆ ಒಂಚೂರು ಕೆಚಪ್‌ಗಾಗಿ ಜನ ಇಲ್ಲಿ ಮಾತು ಬಿಟ್ಟಿದ್ದೂ ಇದೆ. ಕೆಳಗೆ ಸೌತ್ ಕ್ಯಾರೊಲೈನಾಕ್ಕೆ ಹೋದ್ರೆ ಹಳದಿ ಸಾಸಿವೆ ಸಾಸ್.

ನಮ್ಮ ಕೊಡಗಿನವರಿಗೆ ಇದು ಹೊಸದಲ್ಲ. ಪಂದಿ ಕರಿಯಲ್ಲಿ (ಹಂದಿ ಸಾರಲ್ಲಿ) ಕೊಬ್ಬಿನ ಜಿಡ್ಡನ್ನ ಕಾಚಂಪುಳಿ ಅನ್ನೋ ಕಪ್ಪು ಹುಳಿ ಹೇಗೆ ಮುರಿಯುತ್ತೋ ಇಲ್ಲಿ ವಿನೆಗರ್ ಅದೇ ಕೆಲಸ ಮಾಡುತ್ತೆ. ಅಮ್ಮ ಬಂದಾಗ ಪೂರ್ವದ ಕಡೆಯ ಒಂದು ಅಂಗಡಿಗೆ ಕರ್ಕೊಂಡು ಹೋದೆ. ಒಂದು ತುತ್ತು ತಿಂದು "ಹುಳಿ ಸರಿ ಇದೆ, ಮೆಣಸು ಸಾಲದು" ಅಂದ್ರು. ನನ್ನ ಪ್ರಕಾರ ಈ ಸಾಸ್‌ಗೆ ಅದಕ್ಕಿಂತ ಸರಿಯಾದ ವಿಮರ್ಶೆ ಯಾರೂ ಬರೆದಿಲ್ಲ.

ಜೊತೆಗೆ ಹಶ್ ಪಪ್ಪಿ ಕೊಡ್ತಾರೆ, ಜೋಳದ ಹಿಟ್ಟಿನ ಬೋಂಡ. ಸಸ್ಯಾಹಾರಿಗಳಿಗೆ ಆಗುತ್ತಾ ಅಂದ್ರೆ, ಹಿಟ್ಟಲ್ಲಿ ಮೊಟ್ಟೆ ಇರುತ್ತೆ, ಎಣ್ಣೆ ಯಾವುದು ಅಂತ ಕೇಳಬೇಕು.


ಮುದ್ದೆ_ಬಸ್ಸಾರು (ಆಸ್ಟಿನ್, ಟೆಕ್ಸಾಸ್)

ಶುಕ್ರವಾರ ಹೋಗಿ ಬಂದೆ. ಹೊಗೆಗೂಡು ಅಣ್ಣ ಹೇಳಿದ ಹಾಗೆ ಕಾಲು ಪೌಂಡ್ ಟರ್ಕಿ, ಎರಡು ರಿಬ್. ಎರಡು ಅನುಮಾನ.

ಒಂದು, ಟರ್ಕಿ ಅಂಚು, ರಿಬ್ ಅಂಚು ಎಲ್ಲ ಗುಲಾಬಿ ಬಣ್ಣ. ಬೆಂದಿರಲಿಲ್ವಾ? ಪಕ್ಕದಲ್ಲಿದ್ದೋರು ಅದನ್ನೇ ಹೊಗಳ್ತಾ ಫೋಟೊ ತಗೊಂಡ್ರು. ಎರಡು, ಉಪ್ಪು, ಮೆಣಸು ಬಿಟ್ರೆ ಮಸಾಲೇನೇ ಇಲ್ವಲ್ಲ! ಹನ್ನೆರಡು ಹದಿನಾಲ್ಕು ಗಂಟೆ ಬೇಯಿಸ್ತಾರಂತೆ, ಒಂದು ಹಿಡಿ ಧನಿಯಾ ಹುರಿಯೋಕೆ ಪುರುಸೊತ್ತಿಲ್ವಾ? ಮೂರು ಜನಕ್ಕೆ ನೂರು ಡಾಲರ್ ಹತ್ರ ಬಂತು, ಆಫೀಸ್ ಕಾರ್ಡ್ ಆದ್ರಿಂದ ಬಾಯಿ ಮುಚ್ಕೊಂಡಿದ್ದೆ.


ಹೊಗೆಗೂಡು (ರೌಂಡ್ ರಾಕ್, ಟೆಕ್ಸಾಸ್)

ಬೆಂದಿದೆ ತಮ್ಮಾ. ಸೌದೆ ಉರಿಯುವಾಗ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬರುತ್ತೆ. ಅದು ಮಾಂಸಕ್ಕೆ ಕೆಂಪು ಬಣ್ಣ ಕೊಡೋ ಮಯೊಗ್ಲೋಬಿನ್ ಜೊತೆ ಸೇರಿ ಗುಲಾಬಿ ಬಣ್ಣ ಕಟ್ಟುತ್ತೆ, ಬೆಂದ್ರೂ ಆ ಬಣ್ಣ ಹೋಗಲ್ಲ. ಹೊಗೆ ಒಳಗೆ ಎಷ್ಟು ದೂರ ಹೋಗಿದೆಯೋ ಅಷ್ಟೇ ಅಗಲ, ಅಂಚಲ್ಲಿ ಮಾತ್ರ. ಇದನ್ನ ಸ್ಮೋಕ್ ರಿಂಗ್ ಅಂತಾರೆ. ಕೋಳಿ, ಟರ್ಕಿಗೆ ಇಲ್ಲಿ ಸರ್ಕಾರ ಹೇಳೋ ಲೆಕ್ಕ ಒಳಗಿನ ಶಾಖ 165 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 74 ಸೆಲ್ಸಿಯಸ್. ಬಣ್ಣ ನೋಡಿ ತೀರ್ಮಾನ ಮಾಡಬೇಡ. ಬರ್ಗರ್‌ದು ಬೇರೆ ಮಾತು, ಕೊಚ್ಚಿದ ಮಾಂಸದ ನಡುವೆ ಕೆಂಪಗಿದ್ರೆ ಅದು ನಿಜವಾಗ್ಲೂ ಪೂರ್ತಿ ಬೆಂದಿಲ್ಲ ಅನ್ನೋ ಸಾಧ್ಯತೆಯೇ ಹೆಚ್ಚು.

ದುಡ್ಡಿನ ವಿಷಯ. ನೀನು ಬ್ರಿಸ್ಕೆಟ್ ತಿನ್ನಲ್ಲ ಸರಿ, ಆದ್ರೆ ಆ ಹೋಟೆಲಿನ ಇಡೀ ದಿನಚರಿ ನಿಂತಿರೋದು ಅದರ ಮೇಲೆ. ಎತ್ತಿನ ಎದೆಯ ಭಾಗ ಅದು, ಓಡಾಡುವಾಗ ಮೈ ಭಾರ ಹೊರೋ ಸ್ನಾಯು, ಚರ್ಮದ ಹಾಗೆ ಗಟ್ಟಿ. 225ರಿಂದ 275 ಫ್ಯಾರನ್‌ಹೀಟ್ ಶಾಖದಲ್ಲಿ, ಪೋಸ್ಟ್ ಓಕ್ ಸೌದೆ ಉರಿಸಿ ನಿಧಾನಕ್ಕೆ ಬೇಯಿಸಿದಾಗ ಅದನ್ನ ಗಟ್ಟಿ ಮಾಡಿರೋ ನಾರಿನಂಥ ಕೊಲಾಜನ್ ಕರಗಿ ಮೆತ್ತನೆ ಜೆಲಟಿನ್ ಆಗುತ್ತೆ. ಒಳಗಿನ ಶಾಖ 150-160ಕ್ಕೆ ಬಂದಾಗ ಅಲ್ಲೇ ನಿಂತುಬಿಡುತ್ತೆ, ಗಂಟೆಗಟ್ಟಲೆ ಮುಳ್ಳು ಅಲ್ಲಾಡಲ್ಲ. ಮೇಲ್ಮೈಯ ನೀರು ಆವಿಯಾಗ್ತಾ ಮಾಂಸವನ್ನ ತಣ್ಣಗೆ ಮಾಡ್ತಾ ಇರುತ್ತೆ. ಆಗ ಕಾಗದದಲ್ಲಿ ಸುತ್ತಿ ಮತ್ತೆ ಇಡ್ತಾರೆ. 203ರ ಹತ್ರ ಬಂದ್ಮೇಲೆ ಇಳಿಸಿ, ಮತ್ತೆ ಗಂಟೆಗಟ್ಟಲೆ ಹಾಗೇ ಬಿಡಬೇಕು. ಇಷ್ಟರಲ್ಲಿ ಹಸಿ ತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿರುತ್ತೆ. ರಾತ್ರಿಯೆಲ್ಲ ಸೌದೆ ಹಾಕ್ತಾ ಕೂತೋನಿಗೆ ಸಂಬಳ ಕೊಡಬೇಕು. ಹಿಂದಿನ ದಿನವೇ ಒಲೆಗೆ ಇಟ್ಟಿದ್ದು ಮುಗಿದ್ರೆ ಮುಗೀತು, ತಕ್ಷಣ ಇನ್ನೊಂದು ಮಾಡೋಕಾಗಲ್ಲ. ಅದಕ್ಕೇ ಮಧ್ಯಾಹ್ನ ಎರಡಕ್ಕೆ "ಸೋಲ್ಡ್ ಔಟ್" ಬೋರ್ಡು. ಹನ್ನೊಂದಕ್ಕೇ ಹೋಗು. ಸೋಮವಾರ, ಮಂಗಳವಾರ ಎಷ್ಟೋ ಕಡೆ ಬಾಗಿಲು ಹಾಕಿರುತ್ತೆ.

ಮಸಾಲೆ ಬೇಕಾದ್ರೆ ಆಸ್ಟಿನ್‌ನಲ್ಲೇ ಕೆಜಿ ಬಿಬಿಕ್ಯೂ ಇದೆ, ಈಜಿಪ್ಟಿನಿಂದ ಬಂದವರದ್ದು. ಟೆಕ್ಸಾಸ್ ಹೊಗೆ, ಈಜಿಪ್ಟ್ ಮಸಾಲೆ, ಮಸಾಲೆ ಅನ್ನ, ಕುರಿಮರಿ ಮಾಂಸ. ನಿನಗೆ ಅಲ್ಲಿ ಸರಿಹೋಗುತ್ತೆ. ಫೋರ್ಟ್‌ವರ್ತ್‌ನಲ್ಲಿ ಪಾಕಿಸ್ತಾನಿ ಮಸಾಲೆಯ ಸಬರ್ ಬಿಬಿಕ್ಯೂ ಇದೆ. 2024ರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಟ್ಟು ಅಳೆಯೋ ಮಿಶೆಲಿನ್‌ನವರು ಮೊದಲ ಸಲ ಟೆಕ್ಸಾಸ್‌ಗೆ ಬಂದು ನಾಲ್ಕು ಬಾರ್ಬೆಕ್ಯೂ ಅಂಗಡಿಗಳಿಗೆ ಒಂದೊಂದು ನಕ್ಷತ್ರ ಕೊಟ್ರಲ್ಲ (ಲಾ ಬಾರ್ಬೆಕ್ಯೂ, ಇಂಟರ್‌ಸ್ಟೆಲರ್, ಲೆರಾಯ್ ಆ್ಯಂಡ್ ಲೂಯಿಸ್, ಸ್ಪ್ರಿಂಗ್ ಊರಿನ ಕಾರ್ಕ್‌ಸ್ಕ್ರೂ), ಅವುಗಳ ಮುಂದೆ ಸಾಲಲ್ಲಿ ನಿಲ್ಲೋದು ಬ್ರಿಸ್ಕೆಟ್ ತಿನ್ನೋರಿಗೆ ಬಿಟ್ಟಿದ್ದು. ಟರ್ಕಿಗಾಗಿ ಎರಡು ಗಂಟೆ ಬಿಸಿಲಲ್ಲಿ ನಿಲ್ಲು ಅಂತ ನಾನಂತೂ ಹೇಳಲ್ಲ.

ತಿನ್ನದಿದ್ರೂ ನೋಡೋಕೆ ಲಾಕ್‌ಹಾರ್ಟ್‌ಗೆ ಒಂದು ಸಲ ಹೋಗಿ ಬಾ. ಅಲ್ಲಿ ಕ್ರೈಟ್ಸ್ ನಡೆಸ್ತಿದ್ದ ಮನೆಯಲ್ಲಿ ಅಪ್ಪ ತೀರಿಕೊಂಡ ಮೇಲೆ ಕಟ್ಟಡ ಮಗಳ ಪಾಲಿಗೆ ಬಂತು, ವ್ಯಾಪಾರ ಮಗನ ಕೈಲಿತ್ತು. ಹೊಂದಾಣಿಕೆ ಆಗಲಿಲ್ಲ. 1999ರಲ್ಲಿ ಮಗ ಹೊಸ ಜಾಗಕ್ಕೆ ಹೋದಾಗ ಹಳೇ ಒಲೆಯ ಕೆಂಡವನ್ನ ತೊಟ್ಟೀಲಿ ತುಂಬಿ ರಸ್ತೆಯುದ್ದಕ್ಕೂ ಎಳ್ಕೊಂಡು ಹೋಗಿ ಹೊಸ ಒಲೆ ಹಚ್ಚಿದ್ರು. ಹಳೇ ಕಟ್ಟಡದಲ್ಲಿ ಮಗಳು ಶುರು ಮಾಡಿದ್ದೇ ಸ್ಮಿಟ್ಟೀಸ್. ಅಲ್ಲಿ ಸಾಲಲ್ಲಿ ನಿಂತಾಗ ಬೆಂಕಿ ನಿನ್ನ ಕಾಲ ಹತ್ರಾನೇ ಉರೀತಿರುತ್ತೆ, ನಡುವೆ ತಡೆ ಏನೂ ಇಲ್ಲ. ಮಕ್ಕಳಿದ್ರೆ ಕೈ ಹಿಡ್ಕೊ.


ಗುಜ್ಜೆ_ಪ್ರಿಯೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಬರ್ಗರ್ ವಿಷಯ ನಾನು ಹೇಳ್ತೇನೆ ಮಾರಾಯ್ರೆ, ಇಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು ಬೇರೆ ದಾರಿ ಇಲ್ಲ.

ಮೊದಲು ಫ್ರೈಸ್. ಬಟಾಟೆ ಅಲ್ವಾ, ಎಂತ ಇರ್ತದೆ ಅಂತ ಎಲ್ಲರೂ ತಿಂತಾರೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಫ್ರೈಸ್‌ನಲ್ಲಿ ದನದ ಮಾಂಸದ ಫ್ಲೇವರ್ ಉಂಟು, ಅವರದ್ದೇ ಪಟ್ಟಿಯಲ್ಲಿ ಬರೆದಿದ್ದಾರೆ. 1990ರ ತನಕ ದನದ ಕೊಬ್ಬಿನಲ್ಲೇ ಕರಿಯುತ್ತಿದ್ರು. ಆಮೇಲೆ ಸಸ್ಯದ ಎಣ್ಣೆ ಅಂತ ಹೇಳಿದ್ರು, ಆದ್ರೆ ರುಚಿಗೆ ಅಂತ ಫ್ಲೇವರ್ ಸೇರಿಸಿದ್ದನ್ನು ಸರಿಯಾಗಿ ಹೇಳ್ಲಿಲ್ಲ. 2001ರಲ್ಲಿ ಸಿಯಾಟಲ್‌ನಲ್ಲಿ ನಮ್ಮ ಭಾರತೀಯ ಮೂಲದ ವಕೀಲರೇ ಕೇಸು ಹಾಕಿದ್ರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಹಿಂದೂ, ಸಸ್ಯಾಹಾರಿ ಮತ್ತಿತರ ಸಂಸ್ಥೆಗಳಿಗೆ ಒಂದು ಕೋಟಿ ಡಾಲರ್ ಕೊಡ್ಲಿಕ್ಕೆ ಒಪ್ಪಿತು. ದುಡ್ಡು ಕೊಟ್ರು, ಫ್ಲೇವರ್ ಮಾತ್ರ ಬಿಡ್ಲಿಲ್ಲ! ಊರಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ದನದ ಸುದ್ದಿಯೇ ಇಲ್ಲದ ಕಾರಣ ಬಂದ ಹಿರಿಯರು ಇಲ್ಲಿಯೂ ಹಾಗೇ ಅಂತ ನಂಬಿಬಿಡ್ತಾರೆ. ಈಗ ಪುನಃ ಕೊಬ್ಬಿನ ಫ್ಯಾಶನ್ ಶುರು ಆಗಿದೆ. ಸ್ಟೇಕ್ ಆ್ಯಂಡ್ ಶೇಕ್‌ನವರು 2025ರಲ್ಲಿ ಫ್ರೈಸ್‌ಗೆ ದನದ ಕೊಬ್ಬಿಗೆ ತಿರುಗಿದ್ರು. ಬಫೆಲೊ ವೈಲ್ಡ್ ವಿಂಗ್ಸ್‌ನವರು ಮೊದಲಿಂದಲೂ ಅದರಲ್ಲೇ ಕರಿಯೋದು. ಇನ್-ಎನ್-ಔಟ್‌ನವರದ್ದು ಸೂರ್ಯಕಾಂತಿ ಎಣ್ಣೆ, ಫೈವ್ ಗೈಸ್‌ನವರದ್ದು ಕಡಲೆಕಾಯಿ ಎಣ್ಣೆ. ಕಡಲೆ ಅಲರ್ಜಿ ಇದ್ದವರು ಅಲ್ಲಿಗೆ ಹೋಗುವುದೇ ಬೇಡ.

ಇನ್-ಎನ್-ಔಟ್ ಬೋರ್ಡಿನಲ್ಲಿ ಇಲ್ಲದಿದ್ರೂ "ಗ್ರಿಲ್ಡ್ ಚೀಸ್" ಕೇಳಿ, ಕೊಡ್ತಾರೆ. ಬನ್, ಎರಡು ಸ್ಲೈಸ್ ಚೀಸ್, ಟೊಮೆಟೊ, ಲೆಟಿಸ್, ನೀರುಳ್ಳಿ. "ಸ್ಪ್ರೆಡ್" ಬೇಡ ಅನ್ನಿ, ಅದರಲ್ಲಿ ಮೊಟ್ಟೆ ಉಂಟು. ಹುರಿದ ನೀರುಳ್ಳಿ ಬೇಡ, ಹಸಿ ಸಾಕು. ಹುರಿಯೋದು ಮಾಂಸದ ಕಾವಲಿಯಲ್ಲೇ.

ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್ 2019ರಿಂದ ದೇಶದೆಲ್ಲೆಡೆ ಸಿಗ್ತದೆ. ಮಾಂಸ ಇಲ್ಲ, ಸೋಯಾ. ಬೇಯಿಸೋದು ಮಾಂಸ ಹೋಗುವ ಅದೇ ಬೆಂಕಿಯ ಸರಪಳಿಯಲ್ಲಿ. ಬೇಡ ಅಂತ ಹೇಳಿದ್ರೆ ಬೇರೆ ಬಿಸಿ ಮಾಡಿ ಕೊಡ್ತಾರೆ. ಆದರೆ ನಿಮ್ಮ ಮಾವನಿಗೆ ಇದನ್ನು ಕೊಡಿಸ್ಬೇಡಿ. ರಕ್ತದ ರುಚಿ, ಬಣ್ಣ ಬರಲಿ ಅಂತಲೇ ಅದಕ್ಕೆ ಹೀಮ್ (ರಕ್ತಕ್ಕೆ ಕೆಂಪು ಕೊಡುವಂಥ ಅಂಶ) ಸೇರಿಸಿದ್ದು. ಜನ್ಮದಲ್ಲಿ ಮಾಂಸ ಮುಟ್ಟದವರು ಕಚ್ಚಿದಾಗ ಒಳಗೆ ಕೆಂಪು ಕಂಡ್ರೆ ಆ ದಿನದ ಊಟ ಮುಗಿದ ಹಾಗೆ. ನನ್ನ ಅತ್ತೆಗೆ ಹಾಗೇ ಆಯ್ತು. ಅವರಿಗೆಲ್ಲ ಕಪ್ಪು ಬೀನ್ಸಿನ ಪ್ಯಾಟಿ ಸಿಗುವ ಅಂಗಡಿ ಒಳ್ಳೆಯದು, ಮೊಟ್ಟೆ ಉಂಟಾ ಅಂತ ಕೇಳಿಕೊಳ್ಳಿ.

ಮತ್ತೆ ಇನ್ನೊಂದು, ನಗಾಡಬೇಡಿ. ಇಲ್ಲಿ ವೀಗನ್‌ಗಳಿಗೆ ಅಂತ ಬಾರ್ಬೆಕ್ಯೂ ಸ್ಯಾಂಡ್‌ವಿಚ್ ಮಾಡ್ತಾರೆ, ಹಂದಿಯ ಬದಲು ಎಳೆ ಹಲಸಿನಕಾಯಿ ಬೇಯಿಸಿ ಎಳೆ ಎಳೆ ಬಿಡಿಸಿ ಸಿಹಿ ಸಾಸ್ ಹಾಕೋದು. ಹದಿನಾರು ಡಾಲರ್. ನಮ್ಮಲ್ಲಿ ತೋಟದಲ್ಲಿ ಬಿದ್ದು ಕೊಳೆಯುವ ಗುಜ್ಜೆ! ರುಚಿ ಹೇಗೆ ಅಂದ್ರೆ, ಒಗ್ಗರಣೆ ಒಂದು ಇಲ್ಲ ಅಷ್ಟೇ.


ಹೊಗೆಗೂಡು (ರೌಂಡ್ ರಾಕ್, ಟೆಕ್ಸಾಸ್)

ಆಸ್ಟಿನ್‌ನವರಿಗೆ ಒಂದು ಸೇರಿಸ್ತೀನಿ: ಪಿ. ಟೆರ್ರೀಸ್. 2005ರಿಂದ ಇಲ್ಲಿರೋ ಸ್ಥಳೀಯ ಬರ್ಗರ್ ಅಂಗಡಿ, ಅವರದ್ದೇ ವೆಜಿ ಪ್ಯಾಟಿ ಇದೆ, ಬೆಲೆಯೂ ಕಡಿಮೆ. ಕಾವಲಿ ವಿಷಯ ಅಲ್ಲೂ ಕೇಳ್ಕೊಳ್ಳಿ.


ತುಳಸೀಕಟ್ಟೆ (ನೇಪರ್‌ವಿಲ್, ಇಲಿನಾಯ್)

ನೋಡಿ, ನೀವೇ ಬರೀತಿದೀರಿ, ಪ್ರತಿ ಸಾಲಲ್ಲೂ "ಕೇಳ್ಕೊಳ್ಳಿ, ಕೇಳ್ಕೊಳ್ಳಿ". ಇಷ್ಟು ವಿಚಾರಣೆ ಮಾಡಿ ಒಂದು ಚೀಸ್ ಬನ್ ತಿನ್ನಬೇಕಾ? ನಾನು ಜಗಳಕ್ಕೆ ಬರ್ತಿಲ್ಲ, ನಿಜವಾಗ್ಲೂ ಕೇಳ್ತಿದೀನಿ.


ಗುಜ್ಜೆ_ಪ್ರಿಯೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಮಕ್ಕಳ ಶಾಲೆಯ ಫುಟ್‌ಬಾಲ್ ಮುಗಿದ ಮೇಲೆ ಇಡೀ ತಂಡ ಬರ್ಗರ್ ತಿನ್ಲಿಕ್ಕೆ ಹೋಗ್ತದೆ. ನನ್ನ ಮಗಳು ಮಾತ್ರ ಕಾರಲ್ಲಿ ಕೂತು ಚಿತ್ರಾನ್ನ ತಿನ್ನಬೇಕಾ? ಅವಳು ಒಂದು ನಿಮಿಷದಲ್ಲಿ ಕೇಳಿ, ತಗೊಂಡು ಓಡ್ತಾಳೆ. ವಿಚಾರಣೆ ಅನ್ನಿಸೋದು ನಮಗೆ ಮಾತ್ರ.


ಬಸ್ರೂರು_ಭಟ್ರು (ದುಬೈ)

ಇಲ್ಲಿಯ ಕಥೆ ಬೇರೆ, ಅಮೆರಿಕ ಬಿಟ್ಟು ಬಂದವರು ಗಮನಿಸಿ. ಅಮೆರಿಕದ ಬರ್ಗರ್, ಬಾರ್ಬೆಕ್ಯೂ ಹೆಸರುಗಳೆಲ್ಲ ದುಬೈಯಲ್ಲಿವೆ, ಮೆನು ಚಿತ್ರವೂ ಅದೇ. ಆದರೆ ಹಲಾಲ್ ಅಡುಗೆಯಾದ್ದರಿಂದ ಹಂದಿ ಇಲ್ಲ. ಹಂದಿ ಮಾರಲು ಇಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಹಾಗಾಗಿ "ಬೇಕನ್" ಅಂದರೆ ಹೆಚ್ಚಿನ ಕಡೆ ಬೀಫ್ ಬೇಕನ್, ಇಲ್ಲವಾದರೆ ಟರ್ಕಿ ಬೇಕನ್. "ರಿಬ್ಸ್" ಅಂದರೆ ದನದ್ದು. "ಪೆಪ್ಪರೋನಿ" ಕೂಡ ದನದ್ದು.

ಡಲ್ಲಾಸ್‌ನಿಂದ ವರ್ಗವಾಗಿ ಬಂದ ನಮ್ಮ ಗೆಳೆಯರೊಬ್ಬರು ದನ ತಿನ್ನುವುದಿಲ್ಲ, ಅಲ್ಲಿನ ಅಭ್ಯಾಸದಲ್ಲಿ ಚಿಕನ್ ಬರ್ಗರ್ ವಿತ್ ಬೇಕನ್ ತರಿಸಿಕೊಳ್ಳಲು ಹೊರಟಿದ್ದರು. ಪಕ್ಕದಲ್ಲಿದ್ದ ನಾನು ತಡೆದೆ. ಚಿಕನ್ ಬರ್ಗರ್ ಅಂತ ಇದ್ದರೂ ಮೇಲೆ ಬಿದ್ದ ಒಂದು ಪಟ್ಟಿ ಲೆಕ್ಕ ತಪ್ಪಿಸುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಈ ಊರು ಸುಲಭ. ಭಾರತೀಯರು ಇಷ್ಟು ಮಂದಿ ಇರುವುದರಿಂದ ಕೌಂಟರಿನಲ್ಲಿ ನಿಂತವನೇ ಎಷ್ಟೋ ಸಲ ಕೇರಳದವನೋ ಮಂಗಳೂರಿನವನೋ ಆಗಿರುತ್ತಾನೆ. ನಾವು ಬಾಯಿ ಬಿಡುವ ಮೊದಲೇ "ವೆಜ್ ಅಲ್ವಾ ಸರ್" ಅನ್ನುತ್ತಾನೆ.


ಕುರಿಬಾಡು (ಲೂಯಿವಿಲ್, ಕೆಂಟಕಿ)

ಗುರು, ಎಲ್ರೂ ಹಂದಿ, ದನ, ಟರ್ಕಿ ಅಂತೀರಲ್ಲ, ನಮ್ ಮಂಡ್ಯ ಕಡೆಯೋರ ಕಷ್ಟ ಕೇಳೋರಿಲ್ವಾ? ನಾನ್ ಯೋಳ್ತೀನಿ ಕೇಳಿ. ಅಮೆರಿಕದಲ್ಲಿ ಮಟನ್ ಬಾರ್ಬೆಕ್ಯೂ ಅಯ್ತೆ! ಕುರಿಮರಿ ಅಲ್ಲ, ಬಲಿತ ಕುರಿ.

ನಮ್ಮಿಂದ ಎರಡು ಗಂಟೆಯೊಳಗೆ ಓವನ್ಸ್‌ಬರೋ ಅಂತ ಊರು. ಆವಾಗ ಆ ಕಡೆ ಉಣ್ಣೆಗೆ ಅಂತ ಕುರಿ ಸಾಕ್ತಿದ್ರು. ಉಣ್ಣೆ ಕೊಡೋದು ನಿಂತ ಮುದಿ ಕುರಿ ಏನ್ ಮಾಡೋದು? ಮಾಂಸ ಗಟ್ಟಿ, ಸುಮ್ನೆ ಬೇಯಲ್ಲ. ಹಿಕರಿ ಸೌದೆ ಕೆಂಡದ ಮೇಲೆ ಇಡೀ ರಾತ್ರಿ ಇಟ್ರು. ಅದೇ ಈಗ ಅವರ ಊರಿನ ಹೆಮ್ಮೆ. 1963ರಿಂದ ಒಂದೇ ಮನೆಯೋರು ನಡೆಸ್ತಿರೋ ಮೂನ್‌ಲೈಟ್ ಅನ್ನೋ ಹೋಟೆಲಿಗೆ ಹೋದೆ. ಬಫೆ ಅಯ್ತೆ. ಹೆಚ್ಚಿದ ಮಟನ್, ಮಟನ್ ರಿಬ್ಸ್, ಜೊತೆಗೆ ಕಪ್ಪಗೆ ನೀರು ನೀರಾಗಿರೋ ಒಂದು ಹುಳಿ ಸಾಸು, ವೂಸ್ಟರ್‌ಶರ್ ಹಾಕಿ ಮಾಡೋದು. ಬರ್ಗೂ ಅಂತ ಒಂದು ಸಾರು ಕೊಡ್ತಾರೆ, ಮಟನ್, ಕೋಳಿ, ಜೋಳ, ಆಲೂಗೆಡ್ಡೆ, ಟೊಮೆಟೊ ಎಲ್ಲ ಒಂದೇ ಹಂಡೇಲಿ. ಮುದ್ದೆ ಇದ್ದಿದ್ರೆ ಅಂತ ಒಂದು ನಿಮಿಷ ಕಣ್ಮುಚ್ಕೊಂಡೆ. ನಮ್ ಹುಡುಗ ಒಬ್ಬ ಜೇಬಿಂದ ಎಂಟಿಆರ್ ಸಾಂಬಾರ್ ಪುಡಿ ತೆಗ್ದ, ಒಂಚೂರು ಉದುರಿಸ್ಕೊಂಡ, ಯಾರೂ ಏನೂ ಅನ್ನಲಿಲ್ಲ.


ಮುದ್ದೆ_ಬಸ್ಸಾರು (ಆಸ್ಟಿನ್, ಟೆಕ್ಸಾಸ್)

ಕುರಿಬಾಡು ಅಣ್ಣ, ಈ ಒಂದು ಪೋಸ್ಟ್‌ಗೇ ಈ ಚರ್ಚೆ ಶುರು ಮಾಡಿದ್ದು ಸಾರ್ಥಕ! ಕೊನೇದಾಗಿ ಒಂದು, ಟಿಪ್ ಎಷ್ಟು? ನಾನೇ ಸಾಲಲ್ಲಿ ನಿಂತು, ನಾನೇ ಟ್ರೇ ಎತ್ಕೊಂಡು ಬಂದು, ನಾನೇ ಕಾಗದ ಎಸೆದೆ. ಪರದೆ ಮೇಲೆ ಮಾತ್ರ 18, 20, 25 ಪರ್ಸೆಂಟ್ ಅಂತ ಕೇಳ್ತಿತ್ತು.


ಗಿರ್ಮಿಟ್_ಅಕ್ಕ (ಫ್ರಿಸ್ಕೊ, ಟೆಕ್ಸಾಸ್)

ಟೇಬಲ್‌ಗೆ ಬಂದು ಬಡಿಸಿದ್ರ 18-20 ಪರ್ಸೆಂಟ್ ಕೊಡಬೇಕ್ರಿ, ಅವ್ರ ಸಂಬಳನ ಅದರ ಮ್ಯಾಲ ಐತಿ. ಕೌಂಟರ್‌ದಾಗ ನಿಮ್ಮ ಖುಷಿ. ನಿಮ್ಮ ಪ್ರಶ್ನಿಗೆ ಒಳಗ ಹೋಗಿ ಕೇಳಿಕೊಂಡು ಬಂದಿದ್ರ, ಚಾಕು ಬದಲಿಸಿದ್ರ, ನಾ ಡಬ್ಬಿಗೆ ಎರಡು ಡಾಲರ್ ಹಾಕೇ ಬರ್ತೇನಿ. ಬಿಲ್ಲಿನ ಮ್ಯಾಲ 8.25 ಪರ್ಸೆಂಟ್ ಟ್ಯಾಕ್ಸ್ ಬ್ಯಾರೆ ಬೀಳ್ತೈತಿ, ಬೋರ್ಡಿನ ಮ್ಯಾಲಿನ ಬೆಲಿ ನೋಡಿ ಲೆಕ್ಕಾ ಹಾಕಬ್ಯಾಡ್ರಿ.

ಗೆಳ್ಯಾರ ಜೋಡಿ ಹೋದಾಗ ಇನ್ನೊಂದು. ನಮ್ಮ ಮಂದಿ "ಬಿಲ್ ಸಮ ಸಮ ಹಂಚೋಣ" ಅಂತಾರ. ಅವ್ರು ಎರಡು ಪೌಂಡ್ ಬ್ರಿಸ್ಕೆಟ್ ಹೊಡದಿರ್ತಾರ, ನಾ ಒಂದು ಬಟ್ಟಲ ಮ್ಯಾಕ್ ಆ್ಯಂಡ್ ಚೀಸ್. ತೂಕದ ಅಂಗಡಿರಿ ಅದು, ಸಾಲಿನ್ಯಾಗ ನಿಂತಾಗನ ನಮ್ಮದು ಬ್ಯಾರೆ ಬಿಲ್ ಅಂತ ಹೇಳಿಬಿಡ್ರಿ. ಆಮ್ಯಾಲ ಮೋತಿ ಸಣ್ಣದ ಮಾಡ್ಕೊಂಡು ಕುಂದ್ರೂದು ತಪ್ಪತೈತಿ.


ಕಾಚಂಪುಳಿ (ರಾಲಿ, ನಾರ್ತ್ ಕ್ಯಾರೊಲೈನಾ)

@ಕುರಿಬಾಡು, ರಾಲಿಯಿಂದ ಓವನ್ಸ್‌ಬರೋ ತುಂಬಾ ದೂರ. ಥ್ಯಾಂಕ್ಸ್‌ಗಿವಿಂಗ್ ರಜೇಲಿ ನಾವು ನಾಲ್ಕು ಜನ ಬರೋಣ ಅಂತಿದೀವಿ. ಆ ವಾರ ಬಫೆ ಇರುತ್ತಾ?


ಕುರಿಬಾಡು (ಲೂಯಿವಿಲ್, ಕೆಂಟಕಿ)

ಹಬ್ಬದ ದಿನ ನಂಬ್ಕೊಂಡು ಬರ್ಬೇಡಿ, ಮೊದ್ಲು ಫೋನ್ ಮಾಡಿ ಕೇಳಿ. ಶನಿವಾರ ಬಂದ್ರೆ ನಾನೂ ಜೊತೆಗೆ ಬತ್ತೀನಿ. ಪುಡಿ ನಾನ್ ತತ್ತೀನಿ, ನೀವು ನಿಮ್ ಕಾಚಂಪುಳಿ ಒಂದ್ ಬಾಟ್ಲು ತನ್ನಿ.